ರೀವ ಹಕ್ಕಿಯ ದಿಬ್ಬ

ಬೇಸಿಗೆಯಲ್ಲಿ ಹೊಳೆ ಸಣ್ಣಗಾಗಿ ಮರಳು ಮೇಲೆದ್ದಾಗ ಪಂಪಾಪತಿ ಮೇಷ್ಟ್ರ ಪಾಠ ಶುರುವಾಗುತ್ತಿತ್ತು.

ಅವರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಹೊಳೆದಂಡೆಯ ಮೇಲೆ ಒಂದು ತಗಡಿನ ಶೆಡ್ಡು, ಬೇವಿನ ಮರ, ಮರದ ಬುಡದಲ್ಲಿ ಬೋರಲು ಹಾಕಿದ ಹರಿಗೋಲು. ಇಷ್ಟೇ ಅವರ ಪಾಠಶಾಲೆ. ಪರಿಸರ ಓದುವ ಹುಡುಗ ಹುಡುಗಿಯರು ಬೇರೆಬೇರೆ ಕಾಲೇಜುಗಳಿಂದ ಬಂದು ಬೇಸಿಗೆ ಮುಗಿಯುವ ತನಕ ಅಲ್ಲಿ ಉಳಿಯುತ್ತಿದ್ದರು.

ಮೇಷ್ಟ್ರು ಅವರಿಗೆ ಭಾಷಣ ಮಾಡುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಜಾಗ ತೋರಿಸಿ, “ಇದು ನಿಂದು” ಅನ್ನುತ್ತಿದ್ದರು. ಒಬ್ಬರಿಗೆ ಜೊಂಡಿನ ಮಡು, ಇನ್ನೊಬ್ಬರಿಗೆ ನೀರುನಾಯಿ ಮೈ ಒಣಗಿಸುವ ಬಂಡೆ.

ಆ ವರ್ಷ ಬಂದ ಹುಲಿಗೆಮ್ಮನಿಗೆ ನಡುಹೊಳೆಯ ಮರಳದಿಬ್ಬ ಸಿಕ್ಕಿತು.

ಹುಲಿಗೆಮ್ಮ ಹೈಸ್ಕೂಲಿನಲ್ಲಿದ್ದಾಗ ಅವಳ ಊರಿನ ಹೊಂಡಕ್ಕೆ ಮಣ್ಣು ಸುರಿದು ಬಸ್ ನಿಲ್ದಾಣ ಕಟ್ಟಿದ್ದರು. ಕೆಸರಿನಲ್ಲಿ ಒದ್ದಾಡುತ್ತಿದ್ದ ಮೀನುಗಳನ್ನು ಅವಳು ಕೊಡದಲ್ಲಿ ಹೊತ್ತು ತಂದು ಮನೆಯ ನೀರಿನ ತೊಟ್ಟಿಗೆ ಬಿಟ್ಟಿದ್ದಳು. ಬೆಳಗಾಗುವಷ್ಟರಲ್ಲಿ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಂದಿನಿಂದ ಅವಳಿಗೆ ಒಂದೇ ಹಂಬಲ. ಉಳಿಸುವುದು ಹೇಗೆಂಬುದನ್ನು ಸರಿಯಾಗಿ ಕಲಿಯಬೇಕು.

“ನಾ ಇಲ್ಲಿ ಏನ್ ಮಾಡ್ಬೇಕ್ರಿ ಸರ್?” ಎಂದು ಕೇಳಿದಳು.

“ಕುಂದ್ರು.”

“ಕುಂತು?”

“ನೋಡು.”

“ನೋಡಿ ಏನ್ ಮಾಡ್ಲಿ?”

ಮೇಷ್ಟ್ರು ಆಗಲೇ ಹರಿಗೋಲನ್ನು ತಿರುಗಿಸಿಯಾಗಿತ್ತು. “ಸಂಜೀಕ ಬಂದು ಹೇಳು” ಅಂದರು.

ದಿಬ್ಬಕ್ಕೂ ಅವಳು ಕೂರುವ ಬಂಡೆಗೂ ನಡುವೆ ಮೊಣಕಾಲುದ್ದ ನೀರು. ದಿಬ್ಬದ ಮೇಲೆ ರೀವ ಹಕ್ಕಿಗಳು ಸಂಸಾರ ಹೂಡಿದ್ದವು. ಬೂದು ಮೈ, ಹಳದಿ ಕೊಕ್ಕು, ತಲೆಗೆ ಕರಿ ಟೋಪಿ ಇಟ್ಟ ಹಾಗೆ. ಹುಲ್ಲಿಲ್ಲ, ಕಡ್ಡಿಯಿಲ್ಲ, ಬರಿ ಮರಳಿನಲ್ಲಿ ಅಂಗೈಯಷ್ಟು ಗುಂಡಿ. ಅದರಲ್ಲಿ ಮರಳಿನದೇ ಬಣ್ಣದ, ಚುಕ್ಕೆ ಚುಕ್ಕೆಯ ಮೊಟ್ಟೆಗಳು.

ಸಂಜೆ ಅವಳು ಓಡಿಬಂದು ಹೇಳಿದಳು. “ಸರ್, ರೀವ ಹಕ್ಕಿ ಮೊಟ್ಟಿ ಇಟ್ಟಾವ್ರಿ.”

“ಆಮ್ಯಾಲೆ?”

“ಅಷ್ಟ ರೀ.”

“ಹಂಗಾರ ನಾಳೆ ಮತ್ತ ಕುಂದ್ರು.”

ಮರುದಿನ ಕೂತಳು. ಅದರ ಮರುದಿನವೂ ಕೂತಳು. ಬಂಡೆ ಕಾಯುತ್ತಿತ್ತು, ಕಣ್ಣು ಕುಕ್ಕುತ್ತಿತ್ತು. ಇದರಲ್ಲಿ ಕಲಿಯುವುದೇನೆಂದು ತಿಳಿಯದೆ ತಲೆ ಕೆಡುತ್ತಿತ್ತು.

ಒಂದು ಮಧ್ಯಾಹ್ನ ಬಿಸಿಲು ನೆತ್ತಿ ಸುಡುತ್ತಿತ್ತು. ನೀರಂಚಿಗೆ ಹತ್ತಿರವಿದ್ದ ಗೂಡಿನ ಹಕ್ಕಿ ಎದ್ದು ಹಾರಿಹೋಯಿತು. ಮೊಟ್ಟೆಗಳು ಸುಡುವ ಮರಳಿನಲ್ಲಿ ಬತ್ತಲೆ ಬಿದ್ದುಕೊಂಡವು. ಹಕ್ಕಿ ಸ್ವಲ್ಪ ಹೊತ್ತಿಗೆ ಬಂತು, ಕೂತಿತು, ಮತ್ತೆ ಎದ್ದುಹೋಯಿತು.

ಇದಕ್ಕೆ ಮೊಟ್ಟೆಯ ಮೇಲೆ ಮನಸ್ಸಿಲ್ಲ ಎಂದುಕೊಂಡಳು ಹುಲಿಗೆಮ್ಮ. ಹೀಗೇ ಬಿಟ್ಟರೆ ಮೊಟ್ಟೆ ಬೆಂದೇ ಹೋಗುತ್ತದೆ.

ಅವಳು ನೀರಿಗಿಳಿದಳು. ಗೂಡಿನ ಸುತ್ತ ಕಡ್ಡಿ ನೆಟ್ಟು, ಮೇಲೆ ತನ್ನ ದುಪಟ್ಟಾ ಹರಡಿ, ಪುಟ್ಟದೊಂದು ಚಪ್ಪರ ಮಾಡಿದಳು. ಮೊಟ್ಟೆಗಳ ಮೇಲೆ ನೆರಳು ಬಿತ್ತು. ಎಷ್ಟೋ ವರ್ಷದ ಮೇಲೆ ಅವಳ ಎದೆ ತಣ್ಣಗಾಯಿತು.

ಊಟ ಮಾಡಿ ಬರುವಷ್ಟರಲ್ಲಿ ಚಪ್ಪರದ ಮೇಲೆ ಕಾಗೆಗಳು ಕೂತಿದ್ದವು. ಕೆಳಗೆ ಒಡೆದ ಚಿಪ್ಪು. ಹಕ್ಕಿ ತಲೆಯ ಮೇಲೆ ಸುತ್ತಿ ಸುತ್ತಿ ಕಿರುಚುತ್ತಿತ್ತು.

ಮೇಷ್ಟ್ರು ಬಂದರು. ಚಪ್ಪರ ನೋಡಿದರು. ಬೈಯಲಿಲ್ಲ. ದುರ್ಬೀನು ಅವಳ ಕೈಗೆ ಕೊಟ್ಟು ದಿಬ್ಬದ ಆಚೆ ತುದಿಯ ಇನ್ನೊಂದು ಗೂಡು ತೋರಿಸಿದರು. ಅಲ್ಲಿಯ ಹಕ್ಕಿಯೂ ಎದ್ದುಹೋಯಿತು. ನೀರಿಗೆ ಹೊಟ್ಟೆ ತಾಗಿಸಿಕೊಂಡು ಹಾರಿ, ತಿರುಗಿ ಬಂದು ಮೊಟ್ಟೆಗಳ ಮೇಲೆ ಕೂತಿತು.

“ಹೊಟ್ಟಿ ನೋಡಿದೇನು?”

“ಹಸಿ ಐತ್ರಿ. ನೀರು ತೊಟ್ಟಿಕ್ಕಾಕತ್ತೈತಿ.”

ಅಷ್ಟು ಹೇಳುತ್ತಿದ್ದಂತೆ ಹುಲಿಗೆಮ್ಮನಿಗೆ ಎಲ್ಲ ಹೊಳೆಯಿತು. ಹಕ್ಕಿ ಮೊಟ್ಟೆ ಬಿಟ್ಟುಹೋಗಿರಲಿಲ್ಲ. ಅದನ್ನು ತಣಿಸಲು ನೀರು ತರಲು ಹೋಗಿತ್ತು.

“ನಾನ ಕೊಂದೆ ಸರ್.”

“ತಿಂದಿದ್ದು ಕಾಗಿ.”

“ಕಾಗಿಗೆ ತೋರಿಸಿದ್ದು ನಾನು.”

“ಹೌದು” ಅಂದರು ಮೇಷ್ಟ್ರು.

ಅಲ್ಲವೆನ್ನಬಹುದು ಎಂದು ಅವಳು ಕಾದಿದ್ದಳು. ಆ ಒಂದು ‘ಹೌದು’ ಮೈಯೆಲ್ಲ ಚುಚ್ಚಿತು. “ಇನ್ನ ಯಾವತ್ತೂ ನಾ ಏನೂ ಮುಟ್ಟಂಗಿಲ್ರಿ” ಎಂದು ಅಳುತ್ತಾ ಹೇಳಿದಳು.

ಮೇಷ್ಟ್ರು ಕಡ್ಡಿಗಳನ್ನು ಕಿತ್ತು ದುಪಟ್ಟಾ ಕೊಡವಿ ಅವಳಿಗೆ ಕೊಟ್ಟರು. ಮಾತಾಡಲಿಲ್ಲ.

ಆಮೇಲೆ ಹುಲಿಗೆಮ್ಮ ಕಲ್ಲಿನ ಹಾಗೆ ಕೂತುಬಿಟ್ಟಳು. ಹದ್ದು ಬಂದು ಮರಿ ಎತ್ತಿಕೊಂಡು ಹೋದರೂ ಕದಲಲಿಲ್ಲ. ಜೊತೆಗಿದ್ದವರು ಅವಳನ್ನು ಮೆಚ್ಚಿದರು. ಜೊಂಡಿನ ಮಡು ನೋಡುತ್ತಿದ್ದ ಹೊನ್ನೂರಸ್ವಾಮಿ ಎಂಬ ಹುಡುಗ, “ನೀ ಬಿಡಕ್ಕಾ, ಪಕ್ಕಾ ವಿಜ್ಞಾನಿ ಆದಿ” ಅಂದ.

ಹೀಗಿರುವಾಗ ಒಂದು ಬೆಳಿಗ್ಗೆ ಮೀನಿಗೆ ಮುಳುಗಿದ ರೀವ ಹಕ್ಕಿಯೊಂದು ಮೇಲೇಳಲಿಲ್ಲ. ಬಂಡೆಗೆ ಸಿಕ್ಕಿಕೊಂಡಿದ್ದ ಹರಕು ಬಲೆಯಲ್ಲಿ ಅದರ ರೆಕ್ಕೆ ಸಿಲುಕಿತ್ತು. ಹಕ್ಕಿ ನೀರು ಬಡಿಯಿತು. ಸುಸ್ತಾಗಿ ಸುಮ್ಮನಾಯಿತು. ಮತ್ತೆ ಬಡಿಯಿತು.

ಹುಲಿಗೆಮ್ಮನ ಕಾಲುಗಳು ತಾವಾಗಿಯೇ ಎದ್ದವು. ಅವಳು ಅವನ್ನು ಮತ್ತೆ ಮಡಿಸಿ ಕೂತಳು. ಮುಟ್ಟಬಾರದು, ಮುಟ್ಟಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ಹಲ್ಲು ಕಚ್ಚಿ ನೋಡುತ್ತಲೇ ಇದ್ದಳು.

ಬಿಸಿಲು ಏರಿದ ಮೇಲೆ ಮೇಷ್ಟ್ರು ಹರಿಗೋಲು ಹಾಕಿಕೊಂಡು ಆ ಕಡೆ ಬಂದರು. ಹಕ್ಕಿಯನ್ನು ಕಂಡವರೇ ಉಟ್ಟ ಪಂಚೆಯಲ್ಲೇ ನೀರಿಗೆ ಬಿದ್ದರು. ಚೂರಿಯಿಂದ ಬಲೆ ಕೊಯ್ದು, ಹಕ್ಕಿಯನ್ನು ಹೆಗಲಮೇಲಿನ ವಸ್ತ್ರದಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಬಂಡೆ ಹತ್ತಿದರು. ಅವರ ಉಸಿರು ಸಿಳ್ಳೆ ಹೊಡೆಯುತ್ತಿತ್ತು.

“ಕಣ್ಣಿಗೆ ಕಾಣ್ಲಿಲ್ಲೇನು?” ಎಂದು ಗದರಿದರು. ಅವರು ಗದರಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

“ಕಂಡಿತ್ರಿ.”

“ಮತ್ತ?”

“ಮುಟ್ಟಬಾರದಲ್ರಿ ಸರ್.”

“ಯಾರು ಹೇಳಿದ್ರು?”

“ನೀವ…” ಅಂದವಳು ತಡೆದಳು. “ಆವತ್ತು ನಾ ಮುಟ್ಟಂಗಿಲ್ಲ ಅಂದಾಗ ನೀವು ಸುಮ್ನ ಇದ್ರಿ.”

“ಸುಮ್ನ ಇದ್ರ ಹೇಳಿದಂಗ ಹೆಂಗಾತು?”

ಹಕ್ಕಿಯ ರೆಕ್ಕೆ ಒಣಗುವ ತನಕ ಮೇಷ್ಟ್ರು ಅದಕ್ಕೆ ಬೆನ್ನಿನ ನೆರಳು ಕೊಟ್ಟು ಕೂತರು. ಆಮೇಲೆ ವಸ್ತ್ರ ಬಿಚ್ಚಿದರು. ಅದು ಹಾರಿತು. ಒಂದು ಪಕ್ಕ ಜೋತು, ನೀರಿಗೆ ತಾಗಿ ತಾಗಿ, ಆಚೆ ದಡದ ಪೊದೆಯ ಹಿಂದೆ ಇಳಿದುಹೋಯಿತು.

“ಬದುಕ್ತೈತೇನ್ರಿ?”

“ಯಾರಿಗೆ ಗೊತ್ತು.”

“ನಾ ಮೊದಲ ಬಿಡಿಸಿದ್ರ ಬದುಕ್ತಿತ್ತೇನ್ರಿ?”

ಮೇಷ್ಟ್ರು ಅವಳ ಮುಖ ನೋಡಿದರು. ಪಂಚೆಯ ಅಂಚು ಹಿಂಡಿಕೊಳ್ಳುತ್ತಾ ಎದ್ದುಹೋದರು.

ಅಂದು ಹುಲಿಗೆಮ್ಮನಿಗೆ ಅನ್ನ ಸೇರಲಿಲ್ಲ. ಮುಟ್ಟಿದರೆ ಸಾಯುತ್ತವೆ, ಮುಟ್ಟದಿದ್ದರೂ ಸಾಯುತ್ತವೆ. ಹಾಗಾದರೆ ಕಲಿಯಬೇಕಾದ್ದೇನು? ಇದಕ್ಕೊಂದು ಸೂತ್ರ ಇದ್ದೇ ಇರಬೇಕು. ಮೇಷ್ಟ್ರಿಗೆ ಅದು ಗೊತ್ತಿದೆ, ಬೇಕೆಂದೇ ಹೇಳುತ್ತಿಲ್ಲ ಎಂದು ಅವಳಿಗೆ ಅನ್ನಿಸಿತು.

ಯೋಚಿಸಿ ಯೋಚಿಸಿ ಕೊನೆಗೆ ಒಂದು ಸೂತ್ರ ಕಂಡುಕೊಂಡಳು. ಬೆಳಿಗ್ಗೆ ಮೇಷ್ಟ್ರು ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಾ ನಿಂತಿದ್ದಾಗ ಹೋಗಿ ನಿಂತಳು.

“ಸರ್, ತಿಳೀತ್ರಿ.”

“ಏನು?”

“ಬಿಸಿಲು, ಕಾಗಿ, ಹದ್ದು ಇವು ಹೊಳೀವು. ಅದರಾಗ ನಾವು ಕೈ ಹಾಕಬಾರದು. ಆ ಹರಕು ಬಲಿ ಮನುಷ್ಯಾರದು. ಮನುಷ್ಯಾರು ಮಾಡಿದ್ದನ್ನ ಮನುಷ್ಯಾರ ಬಿಡಿಸಬೇಕು. ಹೌದಲ್ರಿ?”

ಮೇಷ್ಟ್ರು ಬಾಯಿ ಮುಕ್ಕಳಿಸಿದರು. “ಬಾ” ಎಂದು ಅವಳನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ದಿಬ್ಬದ ಹತ್ತಿರ ತಂದು ಹುಟ್ಟು ನಿಲ್ಲಿಸಿದರು.

“ಈ ದಿಬ್ಬ ಯಾರು ಮಾಡಿದ್ದು?”

“ಹೊಳಿ.”

“ಹೊಳ್ಯಾಗ ನೀರು ಇಳಿದಿದ್ದಕ್ಕ ದಿಬ್ಬ ಎದ್ದೈತಿ. ನೀರು ಇಳಿಸಿದೋರು ಯಾರು?”

ಹುಲಿಗೆಮ್ಮ ಹೊಳೆ ಹರಿದು ಬರುವ ದಿಕ್ಕಿನತ್ತ ನೋಡಿದಳು. ಅಣೆಕಟ್ಟು ಅಲ್ಲಿಂದ ಕಾಣುತ್ತಿರಲಿಲ್ಲ. ಆದರೆ ಈ ಹೊಳೆ ಏರುವುದೂ ಇಳಿಯುವುದೂ ಅದರ ಬಾಗಿಲು ತೆರೆದಂತೆ, ಮುಚ್ಚಿದಂತೆ ಎಂಬುದು ಅವಳಿಗೂ ಗೊತ್ತಿತ್ತು.

“ಮನುಷ್ಯಾರ್ರಿ.”

“ಕಾಗಿ ಇಲ್ಲಿಗೆ ಯಾಕ ಬಂದಾವ?”

“ನಮ್ಮ ಮುಸುರಿ ತಿನ್ನಾಕ…” ಅವಳ ದನಿ ಸಣ್ಣಗಾಯಿತು.

“ಈಗ ಹೇಳು. ಇದರಾಗ ಹೊಳೀದು ಯಾವುದು, ಮನುಷ್ಯಾರದು ಯಾವುದು?”

ಹರಿಗೋಲು ನಿಂತಲ್ಲೇ ಸುತ್ತುತ್ತಿತ್ತು. ಅದರೊಳಗೆ ಅವಳ ತಲೆಯೂ ಸುತ್ತುತ್ತಿತ್ತು.

“ನನಗೇನೂ ತಿಳೀವಲ್ದು ಸರ್.”

“ಹ್ಞೂಂ” ಅಂದರು ಮೇಷ್ಟ್ರು. ಅದು ಸಮಾಧಾನವೋ ಬೇಸರವೋ ಅವಳಿಗೆ ಗೊತ್ತಾಗಲಿಲ್ಲ.

ವಾರ ಕಳೆದಿರಬೇಕು. ಅಣೆಕಟ್ಟಿನಿಂದ ಹೊಳೆಗೆ ನೀರು ಬಿಡುತ್ತಾರೆಂದು ಸುದ್ದಿ ಬಂತು. ಕೆಳಗಿನ ಊರುಗಳಲ್ಲಿ ಕುಡಿಯಲು ನೀರಿಲ್ಲದೆ ಹೆಂಗಸರು ಖಾಲಿ ಕೊಡ ಹಿಡಿದು ರಸ್ತೆಗೆ ಕೂತಿದ್ದರು. ಬಿಡಬೇಡಿ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ನಾಳೆ ಮಧ್ಯಾಹ್ನದ ಹೊತ್ತಿಗೆ ನೀರು ಇಲ್ಲಿಗೆ ಮುಟ್ಟುತ್ತದೆ, ದಿಬ್ಬದ ಅರ್ಧ ಮುಳುಗಬಹುದು ಎಂಬ ಅಂದಾಜು.

ದಿಬ್ಬದ ಮೇಲೆ ಇನ್ನೂ ಒಡೆಯದ ಮೊಟ್ಟೆಗಳಿದ್ದವು.

ಶೆಡ್ಡಿನಲ್ಲಿ ಗದ್ದಲವೆದ್ದಿತು. ಎತ್ತಿ ತರೋಣ ಅಂದರು ಒಬ್ಬರು. ತಂದು ಕಾವು ಕೊಡುವವರು ಯಾರು ಎಂದರು ಇನ್ನೊಬ್ಬರು. ಹುಲಿಗೆಮ್ಮ ಮಾತ್ರ ದೂರ ನೀರಂಚಿನಲ್ಲಿ ಕೂತಿದ್ದಳು.

ಮೇಷ್ಟ್ರು ಅವಳ ಪಕ್ಕ ಬಂದು ಕುಕ್ಕರಗಾಲಿನಲ್ಲಿ ಕೂತರು.

“ಏನ್ ಮಾಡೂಣು ತಂಗಿ?”

ಅವಳು ತಲೆಯೆತ್ತಲಿಲ್ಲ. ಮತ್ತೆ ಶುರುವಾಯಿತು ಇವರ ಪರೀಕ್ಷೆ ಎಂದುಕೊಂಡಳು. ಹೂಂ ಅಂದರೂ ತಪ್ಪು ತೆಗೆಯುತ್ತಾರೆ, ಉಹೂಂ ಅಂದರೂ ತೆಗೆಯುತ್ತಾರೆ.

“ನೀವ ಹೇಳ್ರಿ ಸರ್.”

ಮೇಷ್ಟ್ರು ಹೊಳೆ ನೋಡುತ್ತಾ ಕೂತರು. ಹೇಳಲಿಲ್ಲ. ಎದ್ದೂ ಹೋಗಲಿಲ್ಲ.

ಕಡೆಗೆ ಹುಲಿಗೆಮ್ಮನೇ ಬಾಯಿಬಿಟ್ಟಳು. ಬಿಕ್ಕುತ್ತಾ, ತಡವರಿಸುತ್ತಾ ಮಾತಾಡಿದಳು.

“ಎತ್ತಿ ತಂದ್ರ ಹಕ್ಕಿ ಹುಡುಕೋದು ಅಲ್ಲೇ. ಅವು ಜಾಗಾ ಬಿಡಂಗಿಲ್ರಿ. ಮೊನ್ನೆ ದನ ತುಳಿದು ಗೂಡು ಕೆಟ್ಟಾಗೂ ಅಲ್ಲೇ ಬಂದು ಕುಂತಿದ್ವು. ಅದಕ್ಕ ಜಾಗಾ ಬದಲಿ ಮಾಡಬಾರದು. ಅಲ್ಲೇ, ಅದ ಜಾಗದಾಗ, ಕೆಳಗ ಮರಳು ಏರಿಸಿ ಮೊಟ್ಟಿ ಮ್ಯಾಲೆ ಇಡಬೇಕು. ತಂಪು ಹೊತ್ತಿನ್ಯಾಗ ಮಾಡಬೇಕು, ಅವು ಮೊಟ್ಟಿ ಬಿಟ್ಟು ಭಾಳ ಹೊತ್ತು ಇರಬಾರದು. ತುದಿ ಮ್ಯಾಲಿನ ಗೂಡು ಮುಟ್ಟೂದು ಬ್ಯಾಡ. ಅದು ಎತ್ತರದಾಗ ಐತಿ, ಅಲ್ಲೀತನ ನೀರು ಬರಂಗಿಲ್ಲ.”

ಹೇಳಿ ಮುಗಿಸಿ ಮೇಷ್ಟ್ರ ಮುಖ ನೋಡಿದಳು. ಸರಿಯೋ ತಪ್ಪೋ ಅಲ್ಲಿ ಏನೂ ಬರೆದಿರಲಿಲ್ಲ.

“ಬುಟ್ಟಿ ತರ್ತೀನಿ” ಎಂದು ಅವರು ಎದ್ದರು.

ಬೆಳಕು ಹರಿಯುತ್ತಲೇ ದಿಬ್ಬ ಹತ್ತಿದರು. ಹಕ್ಕಿಗಳು ಒಮ್ಮೆಲೇ ಎದ್ದು ತಲೆಯ ಮೇಲೆ ಎರಗಿದವು. ಹೊನ್ನೂರಸ್ವಾಮಿಯ ಹಣೆಯಲ್ಲಿ ರಕ್ತ ಬಂತು. ಹುಲಿಗೆಮ್ಮ ಮೊದಲ ಗೂಡಿನ ಮುಂದೆ ಮಂಡಿಯೂರಿದಳು. ಒಡೆದ ಚಿಪ್ಪು ಕಣ್ಣೆದುರು ಬಂತು. ಎದ್ದುಬಿಡಲೇ ಅನ್ನಿಸಿತು.

ಮೊಟ್ಟೆ ಎತ್ತಿ ಕಿವಿಯ ಹತ್ತಿರ ಹಿಡಿದಾಗ ಒಳಗಿನಿಂದ ‘ಕಿಚ್’ ಎಂದು ಕೇಳಿಸಿತು.

“ಮಾತಾಡಾಕತ್ತೈತಿ ಸರ್!”

“ಹೌದೇನು? ಮರಳು ಇಲ್ಲಿ ಹಾಕ್ಲೇನು?” ಅಂದರು ಮೇಷ್ಟ್ರು. ತಲೆಯ ಮೇಲೆ ಬುಟ್ಟಿ ಹೊತ್ತು, ಅವಳ ಅಪ್ಪಣೆಗೆ ಕಾದು ನಿಂತಿದ್ದರು.

“ಅಲ್ಲ್ರಿ, ಇನ್ನೊಂಚೂರು ಈ ಕಡೆ” ಅಂದಳು. ಅವರು ಈ ಕಡೆ ಸುರಿದರು. “ಸಾಕ್ರಿ” ಅಂದಳು. ಅವರು ನಿಂತರು. ಅಂದು ಅವಳು ಹೇಳಿದ್ದನ್ನೆಲ್ಲ ಮೇಷ್ಟ್ರು ಮಾಡಿದರು. ಹೇಳದ್ದನ್ನು ಮಾಡಲಿಲ್ಲ.

ಬಿಸಿಲು ಚುರುಕಾಗುವ ಮೊದಲೇ ಎಲ್ಲರೂ ಬಂಡೆಗೆ ಮರಳಿದರು. ನೀರು ಬಂತು. ಮೊದಲು ಕಸಕಡ್ಡಿ, ಆಮೇಲೆ ಕೆಂಪು ನೊರೆ, ಆಮೇಲೆ ಸದ್ದಿಲ್ಲದ ಏರಿಕೆ.

ದಿಬ್ಬ ಕರಗುತ್ತಾ ಬಂತು. ಅವರು ಎತ್ತರಿಸಿದ ಗುಪ್ಪೆಗಳು ನೀರಿನ ನಡುವೆ ತಲೆ ಎತ್ತಿ ನಿಂತವು. ಒಂದು ಗುಪ್ಪೆಗೆ ಹಕ್ಕಿ ಇಳಿಯಿತು. ಅತ್ತ ಇತ್ತ ನೋಡಿತು. ಹಸಿ ಹೊಟ್ಟೆಯನ್ನು ಮೊಟ್ಟೆಗಳ ಮೇಲೆ ಊರಿ ಕೂತಿತು. ಇನ್ನೊಂದು ಇಳಿಯಿತು, ಮತ್ತೊಂದು ಇಳಿಯಿತು. ಹೊನ್ನೂರಸ್ವಾಮಿ ಕೂಗಿದ. ಹುಲಿಗೆಮ್ಮ ಒಂದೊಂದನ್ನೇ ಎಣಿಸುತ್ತಿದ್ದಳು.

ಆದರೆ ನೀರು ಅಂದಾಜಿನ ದಾರಿಯಲ್ಲೇ ಬರಲಿಲ್ಲ. ತುದಿಯ ಮೇಲಿನ ಗೂಡಿನ ಕಡೆಗೆ, ಅವಳು ಮುಟ್ಟುವುದು ಬೇಡವೆಂದ ಗೂಡಿನ ಕಡೆಗೆ, ಹಿಂದಿನಿಂದ ಒಂದು ಸೆಳವು ಮರಳು ಕೊರೆದು ಆ ಎತ್ತರವನ್ನೇ ಕುಸಿಸಿತು. ಹಕ್ಕಿ ಕೂತೇ ಇತ್ತು. ನೀರು ಎದೆಗೆ ಬಂದ ಮೇಲೆ ಎದ್ದಿತು. ಮೊಟ್ಟೆಗಳು ಉರುಳಿದವು. ಅಲ್ಲಿಗೆ ಹೋಗಲು ಹರಿಗೋಲಿಗೂ ದಾರಿಯಿರಲಿಲ್ಲ.

ಸಂಜೆ ನೀರು ಇಳಿಮುಖವಾಯಿತು. ಎತ್ತರಿಸಿದ ಗುಪ್ಪೆಗಳಲ್ಲಿ ಒಂದರ ಹತ್ತಿರ ಮಾತ್ರ ಯಾವ ಹಕ್ಕಿಯೂ ಬರಲಿಲ್ಲ. ಅದು ‘ಕಿಚ್’ ಎಂದಿದ್ದ ಮೊಟ್ಟೆಯ ಗೂಡು. ಅದರ ಪಕ್ಕದ ಗುಪ್ಪೆಯಲ್ಲಿ ಮರಿಯೊಂದು ಚಿಪ್ಪಿನಿಂದ ಅರ್ಧ ಹೊರಬಂದು, ಮರಳು ಮೆತ್ತಿದ ತಲೆಯನ್ನು ಓಲಾಡಿಸುತ್ತಿತ್ತು.

ಹುಲಿಗೆಮ್ಮ ನಗಬೇಕೋ ಅಳಬೇಕೋ ತಿಳಿಯದೆ ದುರ್ಬೀನನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ತಿರುಗಿಸುತ್ತಿದ್ದಳು. ಒಂದೇ ಮರಳು, ಒಂದೇ ಕೈ, ಒಂದೇ ಹೊತ್ತು. ಇದಕ್ಕೆ ತಾಯಿ ಬಂತು, ಅದಕ್ಕೆ ಬರಲಿಲ್ಲ. ಮುಟ್ಟದೆ ಬಿಟ್ಟದ್ದು ಹೊಳೆಪಾಲಾಯಿತು.

ಮೇಷ್ಟ್ರು ಬಂಡೆಯ ಮೇಲೆ ಕಾಲು ನೀಡಿ ಕೂತಿದ್ದರು. ಮರಳು ಹೊತ್ತ ನೆತ್ತಿಯನ್ನು ಮೆಲ್ಲಗೆ ತಿಕ್ಕಿಕೊಳ್ಳುತ್ತಿದ್ದರು.

ಅವಳು ಅವರ ಮುಂದೆ ಬಂದು ನಿಂತಳು. ಅವಳಿಗೆ ಸಿಟ್ಟು ಬಂದಿತ್ತು.

“ಸರ್, ತುದೀ ಗೂಡು ಮುಳುಗ್ತೈತಿ ಅಂತ ನಿಮಗ ಗೊತ್ತಿತ್ತೇನ್ರಿ?”

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು.

“ಸುಳ್ಳು ಹೇಳಬ್ಯಾಡ್ರಿ. ಇಷ್ಟು ವರ್ಷ ಈ ಹೊಳೀ ನೋಡೀರಿ. ಸರಿ ಉತ್ತರ ಏನಂತ ನಿಮಗ ಮೊದಲ ಗೊತ್ತಿತ್ತು. ಗೊತ್ತಿದ್ದೂ ನನ್ನ ಪರೀಕ್ಷಾ ಮಾಡಾಕ ಕೇಳಿದ್ರಿ. ನಾ ತಪ್ಪಿದೆ. ಮೊಟ್ಟಿ ಹೋದ್ವು. ಯಾಕ ಕೇಳಿದ್ರಿ ಸರ್ ನನ್ನ?”

ಮೇಷ್ಟ್ರು ಕೈ ಚಾಚಿದರು. ಅವಳು ಹಿಡಿದುಕೊಂಡಳು. ಅದನ್ನೇ ಆಸರೆ ಮಾಡಿಕೊಂಡು ಎದ್ದು ನಿಂತು, ಅವರು ಹೇಳಿದರು.

“ಪರೀಕ್ಷಾ ಅಲ್ಲ ಯವ್ವಾ. ನನಗ ತಿಳೀಲಿಲ್ಲ. ದಿನಾ ಅಲ್ಲಿ ಕುಂತಾಕಿ ನೀನು, ಅದಕ್ಕ ನಿನ್ನ ಕೇಳಿದೆ.”